ಹುಡ್ಡು

ಮೊದಲನೇದು ಜೇವರ್ಗಿ ರೋಡಿನಾಗ ನೋಡಿದೆ.
ಮಾರುತಿ ಒಂದರ ತಲಿ ಕಡಿದು
ಕಡಿದ ಕಡಿ ಕೆಂಪು ಬಣ್ಣ ಬಳದಿದ್ದರು,
ಗಾಯಕ್ಕ ಕುಂಕುಮ ಹಚ್ಚಿದಂಗ.
"ಸ್ಪೋರ್ಟ್ಸ್ ಗಾಡಿ ಅದಾರಿ ಅಕ್ಕಾ" ಅಂದ ಹುಡುಗ.
ಬಾಗಿಲು ತೆಗದೆ. ಬಾಗಿಲು ಕೈಯಾಗೇ ಬಂತು.

ಎರಡನೇದು ಹೈದರಾಬಾದಿಂದ ತಂದಿದ್ದರು, ಜರ್ಮನಿದು.
ಗುಂಡಿ ಒತ್ತಿದರ ಟಾಪು ತಾನೇ ಮಡಚತದಂತ.
ಒತ್ತಿದರು. ಅರ್ಧ ಎದ್ದು ನಿಂತಿತು,
ಸಭಾದಾಗ ಎದ್ದು ಮಾತು ಮರೆತವರಂಗ.
ಮುಂದಿಲ್ಲ, ಹಿಂದಿಲ್ಲ.
ರೇಟು ಕೇಳಿದೆ. ನಾನೂ ಹಂಗೇ ನಿಂತೆ.

ಊರಾಗ ಎಲ್ಲರದೂ ಒಂದೇ ಮಾತು:
"ಜಗದೇವಿ, ಕಲಬುರಗಿ ಬಿಸಲಾಗ
ಕಾಗಿ ಸುದ್ದಾ ನೆರಳ ಹುಡುಕ್ತದ,
ನೀ ದುಡ್ಡು ಕೊಟ್ಟು ಬಿಸಲು ತಗೋತೀ?"
ನಾ ಏನು ಹೇಳ್ಲಿ.
ಶಹಾಬಜಾರ್ ನಾಕಾದ ನಮ್ಮ ಕುಶನ್ ಅಂಗಡ್ಯಾಗ
ಮೂವತ್ತೊಂದು ವರ್ಷ ಆಟೋಕ್ಕ, ಜೀಪಿಗಿ, ಟ್ರ್ಯಾಕ್ಟರಕ್ಕ
ನೆರಳು ಹೊಲದಾಕಿ ನಾನೇ.
ತೆಗಿಲಾಕ ಅಂತೇ ಇರೋ ಹುಡ್ಡು
ನಂದೂ ಒಂದು ಇರಲಿ ಅನಿಸ್ತು, ಅಷ್ಟೇ.

ಮೂರನೇದು ಬೀದರದಾಗ, ಮಂಗಲಪೇಟ,
ಸುಂದರರಾಜ ಮಾಸ್ತರ ಮನಿ ಮುಂದ,
ಬೇವಿನ ಗಿಡದ ಬುಡಕ್ಕ
ಹಳೇ ಜಮಖಾನಿ ಹೊದ್ದು ಮಲಗಿತ್ತು.
ಎರಡೇ ಸೀಟು. ನೀಲಿ. ಗೋವಾದ ಕಡಿ ಮಾಡಿದ್ದು,
ಈಗ ಯಾರೂ ಮಾಡಲ್ಲ.
ಗಾಲಿ ಅರ್ಧ ಕೆಮ್ಮಣ್ಣಿನಾಗ ಹುಗದಿತ್ತು.
"ಯಾಕ ಮಾರ್ತೀರಿ ಸರ್?"
"ಕೂಡ್ಲಾಕ ಬರ್ತದವ್ವಾ, ಏಳ್ಲಾಕ ಬರವಲ್ದು.
ಇಬ್ಬರು ಬೇಕು ಈಗ,
ಒಬ್ಬರು ಕೈ ಹಿಡಿಲಾಕ, ಒಬ್ಬರು ನಗಲಾಕ."

ಸಂಗಡ ಬಂದ ಜಿಲಾನಿ ಬಾನೆಟಿನಾಗ ತಲಿ ಇಟ್ಟ.
ಎಣ್ಣಿ ಹೆಬ್ಬಟ್ಟಿಗಿ ಹಚ್ಚಿ ಮೂಸಿದ,
ಸ್ಕ್ರೂಡ್ರೈವರ್ ಕಿವಿಗಿ ಹಚ್ಚಿ ಎಂಜಿನ್ನಿನ ಎದಿ ಕೇಳಿದ,
ಗಾಡಿ ಅಡಿಗಿ ನುಸುಳಿ ಕಾಲಷ್ಟೇ ಹೊರಗ ಬಿಟ್ಟ.
ಅಡೀಲಿಂದ ಅಂದ:
"ಸೈಲೆನ್ಸರ್ ಜರಾ ತೂತದಾ. ಎರಡನೇ ಗೇರ್ ಹಠ ಮಾಡ್ತದ.
ಫೈಬರ್ ಮೈ, ಜಂಗಿನ ಚಿಂತಿಲ್ಲ. ನಿಮ್ಮ ಮರ್ಜಿ ಅಕ್ಕಾ."

ನಾ ಎಂಜಿನ್ ನೋಡ್ಲಿಲ್ಲ. ಹುಡ್ಡು ನೋಡಿದೆ.
ಮಡಿಕಿ ಮ್ಯಾಲ ಕ್ಯಾನ್ವಾಸು ಬೆಳ್ಳಗಾಗಿತ್ತು,
ಹಿಂದಿನ ಪ್ಲಾಸ್ಟಿಕ್ ಕಿಟಕಿ ಕಾಮಾಲಿ ಕಣ್ಣಂಗ ಹಳದಿ.
ಬಟನ್ ಏಳರಾಗ ಐದು.
ಆದರ ಎಡಗಡಿ ಮೂಲ್ಯಾಗ ಗೇಣುದ್ದ ಹರದಿದ್ದು
ಯಾರೋ ಹೊಲದಿದ್ದರು.
ಮಷಿನ್ ಅಲ್ಲ, ಕೈಲೆ. ಮೇಣ ತಿಕ್ಕಿದ ದಾರ.
ಟಾಕಿಗೊಮ್ಮಿ ಹಿಂದಕ್ಕೊಂದು ಹೆಜ್ಜಿ,
ಜೋಳದ ಕಾಳಿನಷ್ಟೇ, ಒಂದೂ ತಪ್ಪಿಲ್ಲ.
ನೀರು ಇಳೀಬಾರದಂತ ಒಳಗಿಂದ ಪಟ್ಟಿ.
ಯಾರು ಹೊಲದದ್ದು, ಕೇಳಿದೆ.
ಮಾಸ್ತರಗ ಗೊತ್ತಿಲ್ಲ. ಅವರು ತಗೊಂಡಾಗೇ ಇತ್ತಂತ.
ಬೆರಳ ಆಡಿಸಿದೆ ಎರಡು ಸಲ.
ಗುರ್ತಿಲ್ಲದ ಕೈ ಅದು. ನಮ್ಮ ಕಸಬಿನ ಕೈ.

ಹೊಲಿಗಿ ತೋರಿಸಿ ರೇಟು ಇಳಸಬೇಕಿತ್ತು.
ಹರದದ್ದು ಹರದದ್ದೇ ಅಲ್ಲಾ?
ಜಿಲಾನಿ ಕಣ್ಣು ಹೊಡದ. ನಾ ಬಾಯಿ ಬಿಡಲಿಲ್ಲ.
ಸೈಲೆನ್ಸರಿನ ತೂತಿಗಿ ಎಂಟು ಸಾವಿರ ಇಳಸಿದೆ,
ಗೇರಿನ ಹಠಕ್ಕ ಹನ್ನೆರಡು,
ಬಟನಿಗಿ ಐನೂರು.
ಹೊಲಿಗಿಗಿ ಏನೂ ಇಳಸ್ಲಿಲ್ಲ.

ಸಂಜೀಮುಂದ ಹೊಂಟೆವು.
ಹುಮನಾಬಾದ ದಾಟೋತನಕ ಟಾಪು ಮುಚ್ಚೇ ಇತ್ತು.
ಬಿಸಿಗಾಳಿ, ಲಾರಿ ಧೂಳು, ನಾಚಿಕಿ.
ಕಮಲಾಪುರದಾಗ ಕೆಂಪು ಬಾಳಿಹಣ್ಣು ತಗೋಳ್ಲಾಕ ನಿಂತಾಗ
ಮಾರಾಕಿ ಬಗ್ಗಿ ನೋಡಿ ಕೇಳಿದಳು:
"ಮಕ್ಕಳು ಆಡೋದೇನವ್ವಾ ಇದು?"
ಹೌದಂದೆ.
ಕತ್ತಲಾಗಿತ್ತು. ಬಟನ್ ಬಿಚ್ಚಿದೆ, ಐದೂ.
ಜಿಲಾನಿ ಒಂದು ಕಡಿ, ನಾ ಒಂದು ಕಡಿ ಹಿಡಿದು
ಹಾಸಿಗಿ ಮಡಚಿದಂಗ ಹುಡ್ಡು ಮಡಚಿದೆವು,
ಹೊಲಿಗಿ ಮ್ಯಾಲ ಬರೋಹಂಗ, ಒತ್ತು ಬೀಳದಂಗ.

ಮುಂದ ಊರ ತನಕ
ಎರಡನೇ ಗೇರ್ ಹಠ ಮಾಡ್ತು,
ಸೆರಗು ಹಾರಿ ಜಿಲಾನಿ ಮುಖಕ್ಕ ಬಡೀತು ಮೂರು ಸಲ.
"ತೊಗರಿ ವಾಸನಿ ಬರ್ಲಾಕತ್ತದ ಅಕ್ಕಾ, ದಾಲ್ ಮಿಲ್ಲು ಬಂದ್ವು" ಅಂದ.
ನಾ ಮ್ಯಾಲ ನೋಡಿದೆ.
ತಲಿ ಮ್ಯಾಲ ಹೊಲಿಲಾಕ ಏನೂ ಇರಲಿಲ್ಲ.
ನಾಳಿ ಎರಡು ಬಟನ್ ಹಚ್ಚಬೇಕು.